ಹೊಸ ದೊಡ್ಡ ಡಿಸ್ಕಿಗಾಗಿ ಕಾಯುವ ಕುರಿತು

ಮನೆಯ ನ್ಯಾಸ್‌ನಲ್ಲಿರುವ (ಜಾಲದ ಮೂಲಕ ಬಳಸುವ ಕಡತ ಸಂಗ್ರಹ ಪೆಟ್ಟಿಗೆ) 8 ಟಿಬಿ (ಟೆರಾಬೈಟ್) ಡಿಸ್ಕ್ ತುಂಬುತ್ತ ಬಂದಿರುವಾಗ, ಹೊಸದಾಗಿ ಘೋಷಿಸಲಾದ ದೊಡ್ಡ ಡಿಸ್ಕುಗಳು ಅಂಗಡಿಗೆ ಬರುವವರೆಗೆ ಕಾಯಬೇಕೇ ಎಂದು ಕೇಳಿದ್ದೀರಿ. ಕಾಯಬೇಡಿ ಎಂಬುದೇ ನನ್ನ ಅಭಿಪ್ರಾಯ. ಲೇಸರ್ ಶಾಖದ ನೆರವಿನಿಂದ ಬರೆಯುವ, ಡಿಸ್ಕಿನೊಳಗಿನ ಒಂದೊಂದು ತಟ್ಟೆಯಲ್ಲಿ 3 ಟಿಬಿ ಹಿಡಿಸುವ ತಂತ್ರವನ್ನು ಸೀಗೇಟ್ ಸಂಸ್ಥೆಯು 2024ರ ಜನವರಿಯಲ್ಲೇ ಪ್ರಕಟಿಸಿತಾದರೂ, 30 ಟಿಬಿಯ ಡಿಸ್ಕುಗಳು ನಮ್ಮಂಥವರೂ ಕೊಳ್ಳುವಂತೆ ಮಾರಾಟಕ್ಕೆ ಬಂದದ್ದು 2025ರ ಜುಲೈನಲ್ಲಿ. ಮೊದಲ ಸರದಿ ದೊಡ್ಡ ದತ್ತಾಂಶ ಕೇಂದ್ರಗಳದ್ದಾಗಿತ್ತು. ಈಗ ಘೋಷಿಸಿದವುಗಳಿಗೂ ಹಾಗೆಯೇ ಬಹುಕಾಲ ಕಾಯಬೇಕಾಗಬಹುದು. ಇದಲ್ಲದೆ, ಸೆಕೆಂಡಿಗೆ 250 ಎಂಬಿ ವೇಗವನ್ನು ಸತತವಾಗಿ ಕಾಯ್ದುಕೊಂಡರೂ (ಮನೆಯ ಬಳಕೆಯಲ್ಲಿ ಅದು ಅಪರೂಪ) 30 ಟಿಬಿಯನ್ನು ಪೂರ್ತಿ ನಕಲಿಸಲು ಸುಮಾರು 33 ಗಂಟೆ ಬೇಕಾಗುವುದರಿಂದ, ಡಿಸ್ಕೊಂದು ಕೆಟ್ಟಾಗ ರೇಡ್ (ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂತೆ ಹಲವು ಡಿಸ್ಕುಗಳನ್ನು ಜೋಡಿಸುವ ಏರ್ಪಾಡು) ಮರುಜೋಡಣೆಯ ಅವಧಿಯೂ ಅದಕ್ಕೆ ತಕ್ಕಂತೆ ಹಿಗ್ಗುತ್ತದೆ. ಈಗಲೇ 16 ಟಿಬಿಯ ಎರಡು ಡಿಸ್ಕುಗಳನ್ನು ಕೊಂಡು, ಒಂದನ್ನು ಕೇವಲ ಬ್ಯಾಕಪ್‌ಗಾಗಿ ಮೀಸಲಿಡಿ.