ಕಟ್ಟಡಕ್ಕೊಂದು ಮುಖ: ಮಂಡ್ಯದ ಓದುಗರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಲೋಕೋಪಯೋಗಿ ಇಲಾಖೆಯಲ್ಲಿ ಬಹುಕಾಲ ಇಂಜಿನಿಯರಾಗಿ ದುಡಿದು ಈಗ ಮಂಡ್ಯದಲ್ಲಿ ನೆಲೆಸಿರುವ ತಾವು ಬರೆದ ಪತ್ರ ಮೈಸೂರಿನ ನಮ್ಮ ಕಚೇರಿಗೆ ತಲುಪಿತು. ಭೋಪಾಲದ ವಿಧಾನ ಭವನವನ್ನು ಮೆಚ್ಚಿ ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನದ ಬಗ್ಗೆ ತಮ್ಮ ಆಕ್ಷೇಪಗಳು ಎರಡು. ಮೊದಲನೆಯದರಲ್ಲಿ ತಪ್ಪು ಪೂರ್ತಿ ನಮ್ಮದೇ. ಬೆಂಗಳೂರಿನ ವಿಧಾನಸೌಧಕ್ಕೆ ನೆಹರೂ ಅವರು ಅಡಿಗಲ್ಲು ಇಟ್ಟದ್ದು 1951ರ ಜುಲೈ 13ರಂದು, ಕಟ್ಟಡ ಮುಗಿದದ್ದು 1956ರಲ್ಲಿ. 1952 ಎಂದು ಅಚ್ಚಾದದ್ದು ಕರಡು ತಿದ್ದಿದವರ, ಎಂದರೆ ನನ್ನ, ಅಜಾಗರೂಕತೆ. ಎರಡನೆಯ ಆಕ್ಷೇಪವನ್ನು ಇಷ್ಟು ಸುಲಭವಾಗಿ ಒಪ್ಪಲಾರೆ. ಮಗಳ ಮನೆಗೆಂದು ಭೋಪಾಲಕ್ಕೆ ಹೋದಾಗ ಆ ಭವನದ ಹೊರಗೋಡೆ ಕಂಡು ತಮಗೆ ಸಕ್ಕರೆ ಕಾರ್ಖಾನೆಯ ಕಾಂಪೌಂಡು ನೆನಪಾಯಿತೆಂದೂ, ‘ನಮ್ಮ ವಿಧಾನಸೌಧಕ್ಕೆ ಒಂದು ಮುಖವಿದೆ, ಅದಕ್ಕೆ ಮುಖವೇ ಇಲ್ಲ’ ಎಂದೂ ಬರೆದಿದ್ದೀರಿ.

ಮುಖವಿಲ್ಲ ಎಂಬುದು ನಿಜ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅದನ್ನು ಭೋಪಾಲದ ಅರೇರಾ ಗುಡ್ಡದ ಮೇಲೆ ದುಂಡಗೆ ಕಟ್ಟಿದರು. ದುಂಡಗಿನ ಕಟ್ಟಡಕ್ಕೆ ಮುಂದು ಹಿಂದು ಎಲ್ಲಿಂದ ಬರಬೇಕು? ಆ ವೃತ್ತವನ್ನು ಮಂಡಲದಂತೆ ಒಂಬತ್ತು ಭಾಗ ಮಾಡಿ, ನಾಲ್ಕು ಮೂಲೆಗಳಲ್ಲಿ ವಿಧಾನಸಭೆ, ವಿಧಾನ ಪರಿಷತ್ತು, ಜಂಟಿ ಅಧಿವೇಶನದ ಸಭಾಂಗಣ ಮತ್ತು ಗ್ರಂಥಾಲಯಗಳನ್ನಿಟ್ಟು, ನಡುವಿನ ಐದನ್ನು ಅಂಗಳಗಳಿಗೂ ಹಜಾರಗಳಿಗೂ ಬಿಟ್ಟಿದ್ದಾರೆ. (ಮಧ್ಯಪ್ರದೇಶದಲ್ಲಿ ಪರಿಷತ್ತೇ ಇಲ್ಲ, ಆ ಸಭಾಂಗಣದ ಕುರಿತು ತಾವು ಮಾಡಿದ ತಮಾಷೆಗೆ ನನ್ನ ಬಳಿ ಉತ್ತರವಿಲ್ಲ.) ವಿಧಾನಸಭೆಯ ಮೇಲಿನ ಗುಮ್ಮಟ ಹತ್ತಿರದ ಸಾಂಚಿಯ ಸ್ತೂಪವನ್ನು ನೆನಪಿಸುತ್ತದೆ. ಒಳಗಿನ ಗೋಡೆಗಳ ಮೇಲೆ ಗೊಂಡ ಬುಡಕಟ್ಟಿನ ಕಲಾವಿದ ಜನಗಢ ಸಿಂಗ್ ಶ್ಯಾಮರ ಚಿತ್ರಗಳಿವೆ. ಇಷ್ಟೆಲ್ಲ ಇರುವುದು ಒಳಗೆ; ಹೊರಗಿನಿಂದ ಸುತ್ತಿ ಬಂದವರಿಗೆ ಕಾಣುವುದು ಗೋಡೆಯೇ.

ಆದರೆ ಒಳಗೆ ಹೋದ ಮೇಲೆ ತೆರೆದುಕೊಳ್ಳುವ ಕಟ್ಟಡ ನಮ್ಮ ಸೀಮೆಗೆ ಹೊಸತೇನಲ್ಲ. ತೊಟ್ಟಿಮನೆಗೆ ಬೀದಿಯ ಕಡೆ ಇರುವುದು ಒಂದು ಜಗಲಿ, ತಲೆ ಬಗ್ಗಿಸಿ ದಾಟುವ ಬಾಗಿಲು. ಬೆಳಕು, ಗಾಳಿ, ಮಳೆನೀರು ಎಲ್ಲವೂ ನಡುವಿನ ತೊಟ್ಟಿಯಿಂದ ಬರುತ್ತವೆ, ಮನೆಮಂದಿಯ ಹಗಲೆಲ್ಲ ಅದರ ಸುತ್ತಲಿನ ಪಡಸಾಲೆಯಲ್ಲೇ ಕಳೆಯುತ್ತದೆ. ತಮ್ಮೂರಿಗೆ ದೂರವಲ್ಲದ ಸೋಮನಾಥಪುರದ ಕೇಶವ ದೇವಾಲಯವೂ ಪ್ರಾಕಾರದ ಗೋಡೆಯ ಮರೆಯಲ್ಲಿದೆ. ಮಹಾದ್ವಾರ ದಾಟಿದಾಗಲೇ ದೇವಾಲಯ ನಿಂತಿರುವ ಆ ನಕ್ಷತ್ರಾಕಾರದ ಕಟ್ಟೆ, ಜಗತಿ, ಕಣ್ಣಿಗೆ ಬೀಳುವುದು.

ಮುಖವುಳ್ಳ ಕಟ್ಟಡದ ವಂಶ ಬೇರೆ. 1912ರಲ್ಲಿ ಮುಗಿದ, ಹೆನ್ರಿ ಇರ್ವಿನ್ ವಿನ್ಯಾಸದ ನಮ್ಮ ಅರಮನೆಯನ್ನೇ ನೋಡಿ. ಜನ ಬಯಲಿನಲ್ಲಿ ನಿಂತು ಮೇಲಿನ ದರ್ಬಾರನ್ನು ನೋಡಬೇಕಾಗಿದ್ದ ಕಟ್ಟಡ ಅದು, ಮುಖವಿಲ್ಲದೆ ನಡೆಯುತ್ತಿರಲಿಲ್ಲ. ಕೆಂಗಲ್ ಹನುಮಂತಯ್ಯನವರು ವಾಸ್ತುಶಿಲ್ಪಿ ಬಿ. ಆರ್. ಮಾಣಿಕ್ಯಂ ಅವರಿಂದ ಕಟ್ಟಿಸಿದ ವಿಧಾನಸೌಧವೂ ನನ್ನ ದೃಷ್ಟಿಯಲ್ಲಿ ಅರಮನೆಯ ಕಡೆಯದೇ. ಎದುರಿಗಿದ್ದ ಬ್ರಿಟಿಷರ ಕಾಲದ ಅಠಾರಾ ಕಚೇರಿಗೆ (ಈಗಿನ ಹೈಕೋರ್ಟಿಗೆ) ನಮ್ಮ ಕಲ್ಲಿನಿಂದ, ನಮ್ಮ ಕುಶಲಿಗರ ಕೈಯಿಂದ ಕೊಟ್ಟ ಉತ್ತರವೆಂದು ಅದನ್ನು ನಾನೂ ಗೌರವಿಸುತ್ತೇನೆ. ಆದರೂ ಪೂರ್ವದ ಆ ಭಾರಿ ಮೆಟ್ಟಿಲುಗಳನ್ನು ಬಹುಪಾಲು ಕನ್ನಡಿಗರು ನೋಡಿರುವುದು ಬೇಲಿಯಾಚೆಯ ರಸ್ತೆಯಲ್ಲಿ ನಿಂತು, ಫೋಟೊ ತೆಗೆಸಿಕೊಳ್ಳುವಾಗ.

ನನಗೆ ನಿಜವಾಗಿ ಬೇಸರವಿರುವುದು ವಿಧಾನಸೌಧದ ಮೇಲಲ್ಲ, ಅದರ ಮರಿಗಳ ಮೇಲೆ. ತಾಲ್ಲೂಕಿಗೊಂದರಂತೆ ಎದ್ದ ಮಿನಿ ವಿಧಾನಸೌಧಗಳಲ್ಲಿ ಎಷ್ಟೋ ಕಡೆ ದೊಡ್ಡದರಿಂದ ಇಳಿದು ಬಂದದ್ದು ಮುಖವೊಂದೇ: ಸಿಮೆಂಟಿನ ಗುಮ್ಮಟ, ಸಿಮೆಂಟಿನ ಕಂಬ, ಅದರ ಮೇಲೆ ಕಲ್ಲಿನ ಬಣ್ಣ. ಪಹಣಿಯ ತಿದ್ದುಪಡಿಗೆಂದು ನಾನು ಇಂಥದ್ದೊಂದು ಕಚೇರಿಯಲ್ಲಿ ಮೂರು ದಿನ ಕಾದಿದ್ದೇನೆ. ಗುಮ್ಮಟದ ಕೆಳಗಿನ ವಿಶಾಲ ಜಾಗದಲ್ಲಿ ಮುರಿದ ಕುರ್ಚಿಗಳನ್ನು ಒಟ್ಟಿದ್ದರು; ಹಳ್ಳಿಗಳಿಂದ ಬಂದವರು, ಅವರೊಂದಿಗೆ ನಾನೂ, ಹೊರಗೆ ಹೊಂಗೆ ಮರದಡಿ ಕೂತಿದ್ದೆವು. ಕೊರಿಯಾ ಜೀವಮಾನವಿಡೀ ಹೇಳಿದ್ದು ಬಿಸಿಲಿನ ನಾಡಿನಲ್ಲಿ ಆಕಾಶಕ್ಕೆ ತೆರೆದ ಜಾಗವೂ ಒಂದು ಕೋಣೆಯೇ ಎಂದು. ಅದು ಆ ಕಚೇರಿಯ ನಕ್ಷೆ ಬರೆದವರಿಗಿಂತ ಆ ಹೊಂಗೆ ಮರಕ್ಕೆ ಹೆಚ್ಚು ತಿಳಿದಿತ್ತು.

ಭೋಪಾಲದ ಭವನದಲ್ಲಿ ದೋಷವಿಲ್ಲವೆಂದು ನಾನು ಹೇಳುತ್ತಿಲ್ಲ. ಅಲ್ಲಿ ಸಭಾಧ್ಯಕ್ಷರಿಗೆ, ಶಾಸಕರಿಗೆ, ಸಾರ್ವಜನಿಕರಿಗೆ ಬೇರೆ ಬೇರೆ ಬಾಗಿಲುಗಳಿವೆ. ಅಂಗಳಗಳನ್ನು ನೋಡುತ್ತ ಸಾಗುವ ಜನರ ದಾರಿ ಆಳುವವರ ದಾರಿಯನ್ನು ಕೂಡದಂತೆ ಯೋಜಿಸಲಾಗಿದೆ. ತೊಟ್ಟಿಮನೆಯ ಹೋಲಿಕೆ ಇಲ್ಲಿ ಮುರಿದು ಬೀಳುತ್ತದೆ ಎಂಬುದನ್ನು ನಮ್ಮ ಲೇಖಕರು ಗಮನಿಸಬೇಕಿತ್ತು. 1998ರಲ್ಲಿ ಭವನಕ್ಕೆ ಬಂದ, ವಾಸ್ತುಶಿಲ್ಪದ ಆಗಾ ಖಾನ್ ಪ್ರಶಸ್ತಿಯ ಮಾತು ಲೇಖನದಲ್ಲಿ ಅಷ್ಟುದ್ದ ಬೇಕಿರಲಿಲ್ಲ.

ತಾವು ಸೇವೆಯಲ್ಲಿದ್ದಾಗ ಕಟ್ಟಿಸಿದ ಕಚೇರಿಗಳ ನಕ್ಷೆಯಲ್ಲಿ ಕಾಯುವ ಜನರಿಗೆಂದು ಎಷ್ಟು ಚದರಡಿ ಬಿಡುತ್ತಿದ್ದರು, ಆ ಜಾಗಕ್ಕೆ ಆಮೇಲೆ ಏನಾಯಿತು ಎಂಬುದನ್ನು ದಯವಿಟ್ಟು ಬರೆದು ಕಳಿಸಿ. ಅಚ್ಚು ಹಾಕುತ್ತೇವೆ, ಇಸವಿಗಳನ್ನು ಈ ಸಲ ಎರಡೆರಡು ಬಾರಿ ನೋಡಿಯೇ.

— ಸಂಪಾದಕ