ರಾತ್ರಿ ಮೊಬೈಲ್ ನೋಡಿದ್ರೆ ಮಕ್ಕಳ ನಿದ್ದೆ ನಿಜವಾಗಿ ಹಾಳಾಗ್ತದಾ?

ಹೌದು ಮಾರಾಯ್ರೆ, ಹಾಳಾಗ್ತದೆ, ಆದ್ರೆ ಎಲ್ಲರೂ ಹೇಳುವ ಹಾಗೆ ಸ್ಕ್ರೀನಿಂದ ಬರುವ ನೀಲಿ ಬೆಳಕು ಒಂದೇ ಕಾರಣ ಅಲ್ಲ. ಕತ್ತಲಾದ ಮೇಲೆ ಮೆದುಳಲ್ಲಿ ಮೆಲಟೋನಿನ್ ಅಂತ ಒಂದು ಹಾರ್ಮೋನ್ ಏರ್ತದೆ, ಈಗ ರಾತ್ರಿ ಆಯ್ತು ಅಂತ ದೇಹಕ್ಕೆ ಹೇಳುದು ಅದೇ, ಸ್ಕ್ರೀನಿನ ಬೆಳಕು ಅದನ್ನು ತಡೀತದೆ, ಮಕ್ಕಳ ಕಣ್ಣಿನ ಲೆನ್ಸ್ ತಿಳಿಯಾಗಿರುದ್ರಿಂದ ದೊಡ್ಡವರಿಗಿಂತ ಜಾಸ್ತಿ ಬೆಳಕು ಒಳಗೆ ಹೋಗ್ತದೆ.

ಆದ್ರೆ ನಂಗೆ ಕಾಣುವ ಹಾಗೆ ದೊಡ್ಡ ಉಪದ್ರ ಆಟೋಪ್ಲೇದು. ಉಡುಪಿಯಲ್ಲಿ ನಮ್ಮ ಅಕ್ಕನ ಮಗ, ಆರು ವರ್ಷ, "ಇದೊಂದೇ ಮಾಮ" ಅಂತ ಹೊದಿಕೆ ಒಳಗೆ ಫೋನ್ ಇಟ್ಕೊಳ್ತಾನೆ, ಒಂದು ಮುಗಿಯುವಾಗ ಇನ್ನೊಂದು ತಾನೇ ಶುರು, ಒಂಬತ್ತಕ್ಕೆ ಮಲಗಬೇಕಾದವ ಹನ್ನೊಂದು ಮಾಡ್ತಾನೆ, ಬೆಳಿಗ್ಗೆ ಗಂಜಿ ಬಟ್ಟಲಿನ ಎದುರು ತೂಕಡಿಕೆ, ವ್ಯಾನ್ ಹಾರ್ನ್ ಹಾಕಿದ್ರೆ ಅಳು. ಅದೇ ಹುಡುಗ ಯಕ್ಷಗಾನ ಆಟಕ್ಕೆ ಹೋದ್ರೆ ಚೆಂಡೆ ಸದ್ದಿನ ಮಧ್ಯೆಯೂ ಅಜ್ಜಿ ಮಡಿಲಲ್ಲಿ ಗೊರಕೆ ಹೊಡೀತಾನೆ!

6ರಿಂದ 12 ವರ್ಷದವರಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. ಕಮ್ಮಿ ಆದ್ರೆ ಹಠ, ಸಿಟ್ಟು, ಪಾಠದಲ್ಲಿ ಗಮನ ಇರುದಿಲ್ಲ, ಅದನ್ನು ನಾವು "ಮಗುಗೆ ಸೊಕ್ಕು" ಅಂತ ಬೈತೇವೆ. ತೀರಾ ಸಣ್ಣವರಿಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿ ಆಗಿದೆ, ಒಂದು ವರ್ಷದೊಳಗೆ ಸ್ಕ್ರೀನ್ ಬೇಡವೇ ಬೇಡ, 2ರಿಂದ 4 ವರ್ಷಕ್ಕೆ ದಿನಕ್ಕೆ 1 ಗಂಟೆ ದಾಟಬಾರದು.

ನೈಟ್ ಮೋಡ್ ಹಾಕಿದ್ರೆ ಸಾಕು ಅಂತ ನಂಬ್ಬೇಡಿ, ಬಣ್ಣ ಬದಲಾದ್ರೂ ವಿಡಿಯೋ ಅದೇ ಅಲ್ವಾ. ಮಲಗುವ ಒಂದು ಗಂಟೆ ಮೊದ್ಲು ಬಂದ್ ಮಾಡಿ, ಚಾರ್ಜರ್ ಚಾವಡಿಯಲ್ಲೇ ಇರ್ಲಿ, ಅಪ್ಪನ ಫೋನೂ ಅಲ್ಲೇ.