ಅಕ್ಕನ ಮಗುವಿಗೂ ತಂಗಿಯ ಮಗುವಿಗೂ ಬ್ರಾಂಕಿಯೋಲೈಟಿಸ್: ಇದು ವಂಶದಿಂದ ಬರುತ್ತಾ?

ನಿಮ್ಮ ಮಗು ಮೂರು ತಿಂಗಳಿದ್ದಾಗ ಬ್ರಾಂಕಿಯೋಲೈಟಿಸ್ (ಶ್ವಾಸಕೋಶದ ಸಣ್ಣ ನಾಳಗಳು ಸೋಂಕಿನಿಂದ ಊದಿಕೊಳ್ಳುವ ಕಾಯಿಲೆ) ಆಗಿ ಆಸ್ಪತ್ರೆ ಸೇರಿತ್ತು, ಈಗ ತಂಗಿಯ ಮಗುವಿಗೂ ಅದೇ ಆಗಿದೆ. ಎರಡನೇ ಮಗುವಿಗೆ ಮೊದಲು ಜೀನ್ ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ನಾನು ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವವಳು. ಅಲ್ಲಿ ಈ ಪ್ರಶ್ನೆಯನ್ನು ಅಜ್ಜಿಯಂದಿರೇ ಜಾಸ್ತಿ ಕೇಳುತ್ತಾರೆ, ಅದೂ ಸೊಸೆಯ ಕಡೆ ನೋಡಿಕೊಂಡು!

ವಂಶದ ಪಾಲು ಇದೆ, ಆದರೆ ಚಿಕ್ಕದು. ಈ ಕಾಯಿಲೆ ತರುವುದು ಹೆಚ್ಚಾಗಿ ಆರ್‌ಎಸ್‌ವಿ ಎಂಬ ವೈರಸ್. ಎರಡು ವರ್ಷ ತುಂಬುವುದರೊಳಗೆ ಅದು ಹೆಚ್ಚೂಕಡಿಮೆ ಎಲ್ಲ ಮಕ್ಕಳಿಗೂ ತಗಲುತ್ತದೆ. ಬಹಳಷ್ಟು ಮಕ್ಕಳಿಗೆ ಬರೀ ನೆಗಡಿ, ಕೆಲವರಿಗೆ ಮಾತ್ರ ಆಕ್ಸಿಜನ್ ಬೇಕಾಗುತ್ತದೆ. ಯಾಕೆ ಹೀಗೆ ಅಂತ ಡೆನ್ಮಾರ್ಕ್‌ನಲ್ಲಿ ಸಾವಿರಾರು ಅವಳಿ ಮಕ್ಕಳ ದಾಖಲೆ ನೋಡಿದರು. ಆರ್‌ಎಸ್‌ವಿಯಿಂದ ಒಂದು ಮಗು ಆಸ್ಪತ್ರೆ ಸೇರಿದರೆ ಅದರ ಜೋಡಿಯೂ ಸೇರುವ ಪ್ರಮಾಣ ತದ್ರೂಪಿ ಅವಳಿಗಳಲ್ಲಿ 66%, ಉಳಿದ ಅವಳಿಗಳಲ್ಲಿ 53%. ತದ್ರೂಪಿಗಳ ಜೀನ್ ಒಂದೇ ಥರ ಇರುತ್ತದೆ, ಹಾಗಾಗಿ ಅವರಲ್ಲಿ ಜಾಸ್ತಿ ಇರುವುದು ಜೀನ್‌ನಿಂದ. ಆದರೆ ಆ 53 ನೋಡಿ. ಅಷ್ಟೊಂದು ಹೊಂದಿಕೆ ಮುಖ್ಯವಾಗಿ ಒಂದೇ ಮನೆ, ಒಂದೇ ಗಾಳಿಯಿಂದ ಬಂದದ್ದು.

ಜೀನ್ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ನೆಗಡಿಯನ್ನೂ ಕೆಲವೊಮ್ಮೆ ಇದೇ ಕಾಯಿಲೆಯನ್ನೂ ತರುವ ಇನ್ನೊಂದು ವೈರಸ್, ರೈನೋವೈರಸ್ ಸಿ, ಒಳ್ಳೆಯ ಉದಾಹರಣೆ. ಅದು ಶ್ವಾಸನಾಳದ ಕೋಶದೊಳಗೆ ಹೋಗುವುದು ಸಿಡಿಎಚ್‌ಆರ್3 ಎಂಬ ಪ್ರೋಟೀನನ್ನು ಹಿಡಿದುಕೊಂಡು. ಆ ಪ್ರೋಟೀನ್ ತಯಾರಿಸುವ ಜೀನ್‌ನ ಒಂದು ಜಾಗದಲ್ಲಿ ಒಂದೇ ಒಂದು ಅಕ್ಷರ ಬೇರೆಯಾದರೆ ಕೋಶದ ಮೇಲೆ ಆ ಪ್ರೋಟೀನ್ ಹೆಚ್ಚು ಕಾಣಿಸಿಕೊಳ್ಳುತ್ತದೆ, ವೈರಸ್‌ಗೆ ಬಾಗಿಲು ಅಗಲವಾದ ಹಾಗೆ. ಇದು ಕಾಯಿಲೆಯಲ್ಲ, ಆರೋಗ್ಯವಾಗಿರುವ ಎಷ್ಟೋ ಜನರಲ್ಲಿ ಇರುತ್ತದೆ. ಹಾಗಾಗಿ ಟೆಸ್ಟ್ ಮಾಡಿಸಿದರೂ ನಿಮ್ಮ ಕೈಗೆ ಏನೂ ಸಿಗುವುದಿಲ್ಲ. ಸುಮ್ನೆ ದುಡ್ಡು ದಂಡ.

ಅದರ ಬದಲು ಮನೆಯಲ್ಲಿ ಬೀಡಿ, ಸಿಗರೇಟು ನಿಲ್ಲಿಸಿ. ಸ್ನಾನವಾದ ಮೇಲೆ ಹಾಕುವ ಸಾಂಬ್ರಾಣಿ ಹೊಗೆಯೂ ಬೇಡ (ಇಲ್ಲಿ ಅಜ್ಜಿಯ ಜೊತೆ ಜಗಳ ಗ್ಯಾರಂಟಿ). ಎದೆಹಾಲು ಕೊಡಿ. ನೆಗಡಿಯಾದ ದೊಡ್ಡ ಮಗು ಪುಟ್ಟದಕ್ಕೆ ಮುತ್ತು ಕೊಡದ ಹಾಗೆ ನೋಡಿಕೊಳ್ಳಿ.

ಒಂದು ಅಪವಾದ ಇದೆ. ವೈರಸ್ಸನ್ನು ಗುರುತಿಸುವ ಐಎಫ್‌ಐಎಚ್1 ಥರದ ಜೀನ್ ಕೆಟ್ಟು, ಸಾಮಾನ್ಯ ನೆಗಡಿ ವೈರಸ್‌ಗೇ ಮತ್ತೆ ಮತ್ತೆ ಐಸಿಯು ಸೇರುವ ಮಕ್ಕಳು ಅಪರೂಪಕ್ಕೆ ಇದ್ದಾರೆ. ನಿಮ್ಮ ಮಗುವಿಗೆ ಪದೇಪದೇ ನ್ಯುಮೋನಿಯಾ ಆಗುತ್ತಿದ್ದರೆ, ತೂಕ ಏರದಿದ್ದರೆ, ಬಾಯಲ್ಲಿ ಬಿಳಿ ಅಗ್ರ ಹೋಗದಿದ್ದರೆ ಅಥವಾ ನೀವು ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗಿ, ಕುಟುಂಬದಲ್ಲಿ ಹಸುಗೂಸು ಸೋಂಕಿನಿಂದ ತೀರಿಕೊಂಡಿದ್ದರೆ, ಅದನ್ನು ಮುಚ್ಚಿಡದೆ ಮಕ್ಕಳ ಡಾಕ್ಟರ್‌ಗೆ ಹೇಳಿ. ಆಗ ಅವರೇ ಟೆಸ್ಟ್‌ಗೆ ಬರೆದುಕೊಡುತ್ತಾರೆ.